ಗುರುವಪ್ಪನ ಹೆಸರಿನ ಪಂದ್ಯ

ಡೊಂಬಿವಲಿ ಪೂರ್ವದ ಒಂದು ಕನ್ನಡ ಸಂಘದ ಫುಟ್‌ಬಾಲ್ ತಂಡದಲ್ಲಿ ಗುರುವಪ್ಪ ಹದಿನಾಲ್ಕು ವರ್ಷ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ಬ್ಯಾಕ್ ಆಗಿ ಆಡಿದ. ಅಷ್ಟೂ ವರ್ಷಗಳಲ್ಲಿ ಅವನು ಹೊಡೆದ ಗೋಲು ಒಂದು, ಅದೂ ಸ್ವಂತ ತಂಡದ ಬಲೆಗೆ. ಹಾಗೆಂದು ಗತ್ತು ಕಡಿಮೆಯಿರಲಿಲ್ಲ. ರಬಾಳೆಯ ವಾಲ್ವ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅವನು ಬೆಳಗಿನ ಲೋಕಲ್‌ನ ಬಾಗಿಲಲ್ಲೂ ಎದುರಾಳಿಗೆ ಅಡ್ಡ ಹಾಕುವವನಂತೆಯೇ ನಿಲ್ಲುತ್ತಿದ್ದ. ಇಳಿಯುವವರು ಮರಾಠಿಯಲ್ಲಿ ಬೈದರೆ ಅದನ್ನು ತನ್ನ ಆಟಕ್ಕೆ ಸಿಕ್ಕ ಮೆಚ್ಚುಗೆ ಎಂದುಕೊಳ್ಳುತ್ತಿದ್ದ.

ಈ ಗತ್ತಿಗೆ ಗೊಬ್ಬರ ಹಾಕಿದವನು ಸ್ಕಾಟ್‌ಲೆಂಡಿನ ಒಬ್ಬ ಇಂಜಿನಿಯರ್. 2003ರಲ್ಲಿ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಆತ, ಮಧ್ಯಾಹ್ನದ ಬಿಡುವಿನಲ್ಲಿ ಗುರುವಪ್ಪನ ಆಟ ನೋಡಿ ತನ್ನೂರಿನ ಒಬ್ಬ ಡಿಫೆಂಡರನ ಕಥೆ ಹೇಳಿದ. ಅವನು ಹದಿನಾರು ವರ್ಷ ಒಂದೇ ಕ್ಲಬ್ಬಿಗೆ ಆಡಿದ್ದನಂತೆ. ಕೊನೆಗೆ ಕ್ಲಬ್ಬಿನವರು ಅವನ ಹೆಸರಿನಲ್ಲೇ ಒಂದು ಪಂದ್ಯ ಇಟ್ಟು, ಎಲ್ಲರಿಗಿಂತ ಮೊದಲು ಅವನನ್ನೇ ಮೈದಾನಕ್ಕೆ ಇಳಿಸಿದರಂತೆ. ಊರಿಗೆ ಊರೇ ಎದ್ದು ನಿಂತಿತಂತೆ. ಅಂದಿನಿಂದ ಗುರುವಪ್ಪನಿಗೆ ಅದೊಂದೇ ಆಸೆ. ಅದನ್ನು ಹೇಳಿಕೊಂಡದ್ದು ಮಾತ್ರ ಒಬ್ಬನಲ್ಲಿ, ತಂಡದ ಗೋಲ್‌ಕೀಪರ್ ದಯಾನಂದನಲ್ಲಿ.

2013ರಲ್ಲಿ, ಸಂಘವೇ ನಡೆಸುವ ಟೂರ್ನಿಯಲ್ಲಿ ತಂಡ ಮೊದಲ ಬಾರಿಗೆ ಫೈನಲ್ ತಲುಪಿತು. ಎದುರಾಳಿ ಕಲ್ಯಾಣದವರು. ಅಷ್ಟು ಹೊತ್ತಿಗೆ ಸಂಘದ ಕ್ರೀಡಾ ಕಾರ್ಯದರ್ಶಿಯೂ ಆಗಿದ್ದ ದಯಾನಂದ ಆಮಂತ್ರಣ ಪತ್ರಿಕೆ ಹಿಡಿದು ಮನೆಗೇ ಬಂದ.

“ಗುರುವಣ್ಣ, ಫೈನಲ್ ನಿಮ್ಮ ಹೆಸರಲ್ಲೇ. ಆಟಕ್ಕೆ ಮೊದಲು ಸನ್ಮಾನ. ಸ್ಕಾಟ್‌ಲೆಂಡಿನವರು ಬಂದು ನೋಡ್ಬೇಕು, ಹಾಗೆ ಮಾಡುವ.”

ಗುರುವಪ್ಪನ ಕಣ್ಣು ಒದ್ದೆಯಾಯಿತು. ಹೆಂಡತಿ ಜಯಲತಾ ಮಾತ್ರ ದಯಾನಂದ ಹೋದ ಮೇಲೆ ಪತ್ರಿಕೆಯನ್ನು ಎರಡು ಸಲ ಓದಿದಳು.

“ಇದ್ರಲ್ಲಿ ಅಧ್ಯಕ್ಷರು ಉಂಟು, ಮುಖ್ಯ ಅತಿಥಿ ಉಂಟು, ಶಾಮಿಯಾನ ಕೊಟ್ಟವರ ಹೆಸರೂ ಉಂಟು. ನೀವು ಆಡ್ತೀರಿ ಅಂತ ಎಲ್ಲಿ ಉಂಟು?”

“ಬೆಳಿಗ್ಗೆ ಸೂರ್ಯ ಬರ್ತಾನೆ ಅಂತ ಯಾರಾದ್ರೂ ಪ್ರಿಂಟ್ ಮಾಡಿಸ್ತಾರಾ ಮಾರಾಯ್ತಿ?” ಎಂದ ಗುರುವಪ್ಪ.

ಭಾನುವಾರ ಬೂಟಿಗೆ ಪಾಲಿಶ್ ಹಾಕಿಕೊಂಡು ಹೋದ. ಮೈದಾನದ ಬದಿಯ ವೇದಿಕೆಯಲ್ಲಿ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿಯನ್ನು ಕೈಗಿಟ್ಟರು. ಅಧ್ಯಕ್ಷರು ಗುರುವಪ್ಪನ ಸಾಧನೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅದರಲ್ಲಿ ಇಪ್ಪತ್ತೈದು ನಿಮಿಷ ತಮ್ಮ ಹೋಟೆಲು ಬೆಳೆದು ಬಂದ ದಾರಿ. ಆಮೇಲೆ ದಯಾನಂದ ಮೈಕ್ ಹಿಡಿದು, “ಇಂದು ಆಟದಿಂದ ನಿವೃತ್ತರಾಗುತ್ತಿರುವ ನಮ್ಮ ಗುರುವಣ್ಣ” ಎಂದ.

ಗುರುವಪ್ಪ ಬುಟ್ಟಿ ಸಮೇತ ಎದ್ದ. ಕೆಳಗೆ ದಯಾನಂದನ ಅಕ್ಕನ ಮಗ ಸೂರಜ್ ಐದನೇ ನಂಬರಿನ ಜೆರ್ಸಿ ಹಾಕಿಕೊಂಡು ನಿಂತಿದ್ದ. ಅದು ಗುರುವಪ್ಪನ ನಂಬರು.

“ಅಂಕಲ್, ಮಾಮಾ ಬೋಲಾ ಆಪ್ ಖುದ್ ಛೋಡ್ ರಹೇ ಹೋ,” ಎಂದ ಸೂರಜ್. ಗುರುವಪ್ಪ ತಾನಾಗಿಯೇ ಆಟ ಬಿಡುತ್ತಿದ್ದಾನೆಂದು ಮಾವ ಅವನಿಗೆ ಹೇಳಿದ್ದನಂತೆ.

“ಇದೆಂತ ದಯಾನಂದ?”

“ಶಾಲು ಹೊದ್ದವರನ್ನು ಕೆಸರಿಗಿಳಿಸಿದ್ರೆ ಜನ ನಮಗೆ ಉಗೀತಾರೆ ಗುರುವಣ್ಣ. ನಲವತ್ತೆರಡಾಯ್ತಲ್ಲ ನಿಮಗೆ.”

“ನಿನಗೆಷ್ಟು?”

“ಗೋಲ್‌ಕೀಪರಿಗೆ ಓಡ್ಲಿಕ್ಕಿಲ್ಲ ಮಾರಾಯ್ರೆ,” ಎಂದು ದಯಾನಂದ ಗ್ಲೌಸ್ ಏರಿಸಿಕೊಂಡ. ಅವನಿಗೆ ನಲವತ್ತೊಂದು.

ಗುರುವಪ್ಪನಿಗೆ ವಯಸ್ಸಿನ ಮಾತು ಅಷ್ಟು ನಾಟಲಿಲ್ಲ. ಯಾರನ್ನು ನಂಬಿ ಸ್ಕಾಟ್‌ಲೆಂಡಿನ ಕಥೆ ಹೇಳಿದ್ದನೋ ಅವನೇ ಅದನ್ನು ಹಗ್ಗ ಮಾಡಿಕೊಂಡು ತನ್ನನ್ನು ಕುರ್ಚಿಗೆ ಕಟ್ಟಿದ್ದು ನಾಟಿತು. ವಾಪಸು ಹೋಗಿ ಕೂತ.

ಬಹಳ ಹೊತ್ತು ಯಾರಿಗೂ ಗೋಲು ಸಿಗಲಿಲ್ಲ. ಆಟ ಮುಗಿಯಲು ನಾಲ್ಕೈದು ನಿಮಿಷವಿದ್ದಾಗ ಕಲ್ಯಾಣದ ಆಟಗಾರನೊಬ್ಬ ಸೂರಜ್‌ನನ್ನು ದಾಟಿ ಚೆಂಡು ತಂದ. ಗೋಲಿನಲ್ಲಿ ನಿಂತಿದ್ದ ದಯಾನಂದ, ಇಂಥ ಹೊತ್ತಿನಲ್ಲಿ ಹದಿನಾಲ್ಕು ವರ್ಷ ಏನು ಕೂಗಿದ್ದನೋ ಅದನ್ನೇ ಕೂಗಿದ: “ಗುರುವಣ್ಣ, ಬಿಡ್ಬೇಡಿ.”

ವೇದಿಕೆಯ ಮೇಲೆ ಗುರುವಪ್ಪನ ಬಲಗಾಲು ತಾನಾಗಿ ಮುಂದೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದು ಕುರ್ಚಿಯ ಕೆಳಗೆ ಇಟ್ಟುಕೊಂಡ. ಚೆಂಡು ಬಲೆ ಸೇರಿತು. ದಯಾನಂದ ಕೆಸರಿನಲ್ಲಿ ಬಿದ್ದಲ್ಲಿಂದಲೇ ವೇದಿಕೆಯ ಕಡೆ ನೋಡಿದ.

ಯಾವ ಕಡೆಯವರು ಚೆನ್ನಾಗಿ ಆಡಿದರೂ ಅತಿಥಿಗಳು ಚಪ್ಪಾಳೆ ತಟ್ಟುವುದು ಪದ್ಧತಿ. ಗುರುವಪ್ಪ ತಟ್ಟಿದ.