ಗೊಮ್ಮಟೇಶನ ಕಿವಿಗೆ ಹಿಡಿಸಿದ ಚೆಂಡು

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಗೊಮ್ಮಟೇಶನಷ್ಟು ಪ್ರಶ್ನೆ ಕೇಳುವ ಮನುಷ್ಯ ಇನ್ನೊಬ್ಬನಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನ ಊರು, ಬೆಳೆ, ಬೀಗರ ಮನೆತನ ಎಲ್ಲವನ್ನೂ ವಿಚಾರಿಸಿ ಮುಗಿಸುವ ಹೊತ್ತಿಗೆ ಇವನು ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿರುತ್ತದೆ. ಹೊಸ ವಸ್ತು ಕಣ್ಣಿಗೆ ಬಿದ್ದರೆ ಬಿಚ್ಚಿ ನೋಡಬೇಕು. ಬಿಚ್ಚಲು ಬರದಿದ್ದರೆ ಒಡೆದು ನೋಡಬೇಕು. ಮನೆಗೆ ಮಿಕ್ಸಿ ತಂದ ವಾರ ಅವನ ಹೆಂಡತಿ ರಾಜೀಮತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಕೊಬ್ಬರಿಯ ವಿಷಯದಲ್ಲಿ ಮಾತ್ರ ಅವನು ಏನನ್ನೂ ಒಡೆಯಬೇಕಾಗಿರಲಿಲ್ಲ. ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರೆಲ್ಲ ಇಂಗಿದ ಮೇಲೆ ಚಿಪ್ಪು ಒಡೆದು ಇಡಿಯಾಗಿ ತೆಗೆಯುವ ಉಂಡೆ ಕೊಬ್ಬರಿ ಈ ಸೀಮೆಯ ಮಾಲು. ಗೊಮ್ಮಟೇಶ ಎರಡು ಉಂಡೆಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಕುಟ್ಟುತ್ತಿದ್ದ. ಚೆನ್ನಾಗಿ ಒಣಗಿದ್ದು ಟಕ್ ಎನ್ನುತ್ತದೆ, ಹಸಿ ಉಳಿದದ್ದು ದಪ್ ಎನ್ನುತ್ತದೆ. ಹಸಿ ಉಂಡೆ ಒಂದು ಸೇರಿಕೊಂಡರೂ ಚೀಲಕ್ಕೆ ಚೀಲವೇ ಬೂಷ್ಟು ಹಿಡಿಯುತ್ತದೆ. ಗೊಮ್ಮಟೇಶ ಸಾವ್ಕಾರ್ರು ಕಿವಿಗಿಟ್ಟು ತೆಗೆದುಹಾಕಿದರು ಎಂದರೆ ನುಗ್ಗೇಹಳ್ಳಿ ಕಡೆಯ ರೈತರು ಮರುಮಾತಾಡದೆ ಆ ಉಂಡೆಯನ್ನು ವಾಪಸ್ಸು ಎತ್ತಿಕೊಳ್ಳುತ್ತಿದ್ದರು. ಅಪ್ಪನ ಕಾಲದಿಂದ ಆ ಅಂಗಡಿ ನಿಂತಿದ್ದೇ ಕಿವಿಯ ಮೇಲೆ. ಗೊಮ್ಮಟೇಶ ತನ್ನ ಹೊರತು ಇನ್ನೊಬ್ಬರಿಗೆ ಕುಟ್ಟಿ ನೋಡಲು ಬಿಟ್ಟವನಲ್ಲ.

ಇಂಥವನಿಗೆ ಅರವತ್ತರ ಅಂಚಿನಲ್ಲಿ ಗಾಲ್ಫ್ ಹುಚ್ಚು ಹಿಡಿಸಿದವನು ಅನಿಲ್‌ಕುಮಾರ್. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅನಿಲ್‌ಕುಮಾರ್ ಸೈನ್ಯದಲ್ಲಿ ಇದ್ದಷ್ಟು ಕಾಲ ಕಂಟೋನ್ಮೆಂಟಿನ ಮೈದಾನಗಳಲ್ಲಿ ಆ ಆಟ ಕಲಿತು, ನಿವೃತ್ತನಾಗಿ ದಂಡಿಗನಹಳ್ಳಿಗೆ ಬಂದವನೇ ರಾಗಿಯೂ ಸರಿಯಾಗಿ ಬಾರದ ಹೊಲವನ್ನು ಸಮ ಮಾಡಿಸಿ, ಹುಲ್ಲು ಬೆಳೆಸಿ, ಆರು ಕುಳಿ ತೋಡಿ ಬಾವುಟ ನೆಟ್ಟ. ಪಕ್ಕದ ಹೊಲದವರು ಇದೇನು ಬೋರ್‌ವೆಲ್ ಪಾಯಿಂಟೋ ಎಂದು ಕೇಳಿಕೊಂಡು ಬಂದರು. ಗೊಮ್ಮಟೇಶನೂ ಕೇಳಿಕೊಂಡೇ ಬಂದ. ಅವನು ವಾಪಸ್ಸು ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

ಅವನ ಮೊದಲ ಪ್ರಶ್ನೆ, ಚೆಂಡಿನಲ್ಲಿ ಚರ್ಮ ಇದೆಯೇ ಎಂಬುದು. ಚಿಕ್ಕವನಿದ್ದಾಗ ಕ್ರಿಕೆಟ್ಟಿನ ಚರ್ಮದ ಚೆಂಡು ಮುಟ್ಟಿದ್ದಕ್ಕೆ ಅಜ್ಜಿ ಅವನನ್ನು ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಟ್ಟಿದ್ದಳು. ಒಳಗೆ ರಬ್ಬರು, ಮೇಲೆ ಪ್ಲಾಸ್ಟಿಕ್ಕಿನ ಜಾತಿಯದೊಂದು ಹೊದಿಕೆ, ಯಾವ ಜೀವದ ತೊಗಲೂ ಇಲ್ಲ ಎಂದು ಅನಿಲ್‌ಕುಮಾರ್ ಪ್ರಮಾಣ ಮಾಡಿದ. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಆಗಬೇಕು, ಅಷ್ಟರೊಳಗೆ ಆಟ ಮುಗಿಯುತ್ತದೆಯೇ ಎಂಬುದು ಎರಡನೆಯದು. ಮೂರನೆಯ ಪ್ರಶ್ನೆಯನ್ನು ಅವನು ಬಾಯಲ್ಲಿ ಕೇಳಲಿಲ್ಲ. ಒಂದು ಚೆಂಡನ್ನು ಜೇಬಿಗಿಳಿಸಿ ಪಂಪ್‌ಹೌಸಿಗೆ ಒಯ್ದು ಗರಗಸದಲ್ಲಿ ಕೊಯ್ದ. ಮೇಲೆ ತೆಳ್ಳಗಿನ ಬಿಳಿ ಸಿಪ್ಪೆ, ಒಳಗೆಲ್ಲ ಗಟ್ಟಿ ಹಸಿರು ರಬ್ಬರು. ಇನ್ನೊಂದನ್ನು ಕೊಯ್ದರೆ ಸಿಪ್ಪೆಗೂ ರಬ್ಬರಿಗೂ ನಡುವೆ ಮತ್ತೊಂದು ಪದರ. ಮೂರನೆಯದಕ್ಕೆ ಕೈ ಹಾಕುವಾಗ ಅನಿಲ್‌ಕುಮಾರ್ ಬಂದು ಗರಗಸ ಕಿತ್ತುಕೊಂಡ.

ಗರಗಸ ಕೊಡದಿದ್ದರೂ ವಿವರ ಕೊಟ್ಟ. ಎಲ್ಲ ಚೆಂಡೂ ಒಂದೇ ತೂಕ, ಒಂದೇ ಗಾತ್ರ, ವ್ಯತ್ಯಾಸವೆಲ್ಲ ಹೊಟ್ಟೆಯೊಳಗೆ. ಕೆಲವು ಗಟ್ಟಿ, ಕೆಲವು ಮೆತ್ತಗೆ. ತೋಳಿನಲ್ಲಿ ಬಿರುಸಿದ್ದವನು ಬೀಸಿದರೆ ಗಟ್ಟಿ ಚೆಂಡೂ ಕೋಲಿನ ಹಣೆಗೆ ಒತ್ತಿಕೊಂಡು ಚಿಮ್ಮುತ್ತದೆ. ನಿಧಾನವಾಗಿ ಬೀಸುವ ವಯಸ್ಸಾದವನಿಗೆ ಅದು ಒತ್ತಿಕೊಳ್ಳುವುದೇ ಇಲ್ಲ, ಅಂಗೈ ಜುಮ್ಮೆನ್ನುತ್ತದೆ, ಅಷ್ಟೇ. ಪದರ ಹೆಚ್ಚಿದ್ದದ್ದು ಕುಳಿಯ ಹತ್ತಿರ ಬಿದ್ದು ಬೇಗ ನಿಲ್ಲುತ್ತದೆ, ಆದರೆ ದಿನಾ ಪೊದೆಯಲ್ಲಿ ಚೆಂಡು ಕಳೆಯುವ ಹೊಸಬನಿಗೆ ಎರಡು ಪದರದ್ದು ಧಾರಾಳವಾಯಿತು. ಹುಲ್ಲಿನಲ್ಲಿ ಹುಡುಕಲು ಹಳದಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಹಾಸನದ ಸ್ನೇಹಿತರೊಬ್ಬರು ಬಿಟ್ಟುಹೋದ ಡಬ್ಬದಲ್ಲಿ ತರಾವರಿ ಚೆಂಡುಗಳಿದ್ದವು. ಅದನ್ನು ಮುಂದಿಟ್ಟು ಅನಿಲ್‌ಕುಮಾರ್ ಹೇಳಿದ:

"ಕುಳಿ ಅತ್ರದಿಂದ ಸುರು ಮಾಡು. ಮೊದ್ಲು ಮೆಲ್ಲಗ್ ತಳ್ಳಿ ನೋಡು, ಆಮ್ಯಾಕೆ ದೂರದಿಂದ ಒಡಿ. ನಿನ್ ಕೈಗೆ ಯಾವುದ್ ಒಪ್ತದೋ ಅದು ನಿಂದು. ಬ್ಯಾರೇರ್ ಕೈ ನೋಡ್ಬ್ಯಾಡ."

ಗೊಮ್ಮಟೇಶ ಎಲ್ಲವನ್ನೂ ತಲೆಯಾಡಿಸಿ ಕೇಳಿದ. ಕೇಳಿ, ಡಬ್ಬದ ಮುಂದೆ ಚಕ್ಕಳಮಕ್ಕಳ ಕೂತು, ಎರಡೆರಡು ಚೆಂಡು ಎತ್ತಿ ಕಿವಿಯ ಹತ್ತಿರ ಹಿಡಿದು ಕುಟ್ಟತೊಡಗಿದ. ಕೊಬ್ಬರಿಯವನು ಇನ್ನೇನು ಮಾಡಿಯಾನು? ಒಂದೊಂದನ್ನೂ ಕುಟ್ಟಿ ಕುಟ್ಟಿ ಪಕ್ಕಕ್ಕಿಟ್ಟ. ಡಬ್ಬದಲ್ಲೆಲ್ಲ ಅತಿ ಗಟ್ಟಿಯಾದ, ಬಿರುಸು ತೋಳಿನ ಹುಡುಗರು ಹೊಡೆಯುವ ಒಂದು ಬಿಳಿ ಜೋಡಿ ಮಾತ್ರ ಅವನ ಮುಖ ಅರಳಿಸಿತು. ಇದೊಂದೇ ಒಣಗಿದ ಮಾಲು, ಉಳಿದವೆಲ್ಲ ಹಸಿ ಎಂದು ತೀರ್ಪು ಕೊಟ್ಟ. ಅನಿಲ್‌ಕುಮಾರ್ ಹಣೆ ಚಚ್ಚಿಕೊಂಡ.

ಮುಂದಿನ ಭಾನುವಾರಗಳೆಲ್ಲ ಆ ಗಟ್ಟಿ ಚೆಂಡಿನ ಜೊತೆ ಗೊಮ್ಮಟೇಶನ ಹೆಣಗಾಟ. ಮೂರನೆಯ ಕುಳಿಗೆ ಹೋಗಲು ಹಳೆಯದೊಂದು ಕಲ್ಲುಗಣಿಯ ಹೊಂಡ ದಾಟಿಸಬೇಕು. ಅವನ ಚೆಂಡು ಒಂದು ದಿನವೂ ದಾಟಲಿಲ್ಲ. ಹತ್ತಿರದಿಂದ ತಳ್ಳಿದರೆ ಕುಳಿಯ ಪಕ್ಕದಲ್ಲೇ ಹಾದು ಆಚೆ ಬದುವಿನವರೆಗೆ ಉರುಳುತ್ತಿತ್ತು. ಸಂಜೆ ಊಟಕ್ಕೆ ಕೂತರೆ ತುತ್ತು ಹಿಡಿಯುವ ಬೆರಳು ನೋಯುತ್ತಿತ್ತು. ಆದರೂ ಭಾನುವಾರ ಬಂತೆಂದರೆ ರಾಜೀಮತಿಯೇ ಟೋಪಿ ತಂದುಕೊಟ್ಟು, ನಿಧಾನವಾಗಿ ಆಡಿಕೊಂಡು ಬನ್ನಿ ಎಂದು ಕಳಿಸುತ್ತಿದ್ದಳು. ಬೇರೆ ಹೆಂಗಸಾಗಿದ್ದರೆ ಈ ವಯಸ್ಸಿನಲ್ಲಿ ಇದೇನು ಕೋಲಾಟ ಎಂದು ರೇಗುತ್ತಿದ್ದಳು, ನಮ್ಮವಳು ದೊಡ್ಡ ಮನಸ್ಸಿನವಳು ಎಂದು ಗೊಮ್ಮಟೇಶ ಹೇಳಿಕೊಂಡು ತಿರುಗಿದ.

ಕೊನೆಗೊಂದು ಭಾನುವಾರ ಅನಿಲ್‌ಕುಮಾರನ ತಾಳ್ಮೆ ಮುಗಿಯಿತು. ಮೆತ್ತನೆಯ ಹಳದಿ ಚೆಂಡಿನಲ್ಲಿ ಏನು ಐಬಿದೆ ಹೇಳು ಎಂದು ಪಟ್ಟು ಹಿಡಿದ. ಸದ್ದೇ ಇಲ್ಲದ ಚೆಂಡು ಅದು, ಸತ್ತ ಮಾಲು ಎಂದ ಗೊಮ್ಮಟೇಶ. ಸದ್ದು ಇದೆ, ಬೇಕಾದರೆ ಕಣ್ಣು ಮುಚ್ಚಿ ಹೇಳುತ್ತೇನೆ ಎಂದು ಅನಿಲ್‌ಕುಮಾರ್ ಪಂಪ್‌ಹೌಸಿನ ಸಿಮೆಂಟು ಕಟ್ಟೆಯ ಮೇಲೆ ಆ ಕಡೆ ತಿರುಗಿ ನಿಂತ. ಗೊಮ್ಮಟೇಶ ಅವನ ಬೆನ್ನ ಹಿಂದೆ ಒಂದೊಂದಾಗಿ ಚೆಂಡು ಕೆಳಕ್ಕೆ ಬಿಟ್ಟ. ಇದು ಗಟ್ಟಿಯದು, ಇದು ಹಳದಿಯದು, ಮತ್ತೆ ಹಳದಿಯದೇ ಎಂದು ಅವನು ಒಂದೂ ತಪ್ಪದೆ ಹೇಳಿದ. ಗೊಮ್ಮಟೇಶನಿಗೆ ಬಲು ಕುತೂಹಲವಾಯಿತು. ಇಲ್ಲದ ಸದ್ದನ್ನು ಇವನು ಹೇಗೆ ಕೇಳಿದ? ಈಗ ನನ್ನ ಸರದಿ ಎಂದು ತಾನೂ ತಿರುಗಿ ನಿಂತು ಕಣ್ಣು ಮುಚ್ಚಿದ.

ಮೊದಲನೆಯದು ಟಕ್ ಎಂದಿತು, ಗಟ್ಟಿಯದು ಎಂದ. ಆಮೇಲೆ ಕಾದ. ಕಿವಿ ನಿಮಿರಿಸಿಕೊಂಡು ಇನ್ನೂ ಕಾದ.

"ಬಿಡ್ಲಾ, ಯಾಕ್ ಸುಮ್ಕೆ ನಿಂತ್ಕಂಡೆ?" ಎಂದ.

ಗೊಮ್ಮಟೇಶನ ಹಿಮ್ಮಡಿಗೆ ಏನೋ ತಗುಲಿತು. ಕಣ್ಣು ಬಿಟ್ಟು ನೋಡಿದರೆ, ಕಟ್ಟೆಯ ಮೇಲೆ ಪುಟಿದು ಪುಟಿದು ಉರುಳಿ ಬಂದ ಹಳದಿ ಚೆಂಡು ಅವನ ಕಾಲ ಬುಡದಲ್ಲಿ ನಿಂತಿತ್ತು.

ಗೆಳೆಯರಿಬ್ಬರೂ ಅದನ್ನೇ ನೋಡಿದರು. ಕೊಬ್ಬರಿ ಕುಟ್ಟುವಾಗ ಇಷ್ಟು ದಿನ ತನ್ನನ್ನು ಮೋಸಗೊಳಿಸಿದ್ದು ಹಳೆಯ ರೂಢಿಯೇ ಎಂದು ಗೊಮ್ಮಟೇಶನಿಗೆ ಆಗ ಹೊಳೆಯಿತು. ಉಂಡೆಯ ಬಣ್ಣ ನೋಡುತ್ತಲೇ ಮನಸ್ಸು ಟಕ್ ಎಂದುಬಿಡುತ್ತಿತ್ತು, ಕಿವಿ ಹೂಂ ಎನ್ನುತ್ತಿತ್ತು. ಹುಟ್ಟಿದಾಗಿನಿಂದ ಕೇಳಿರದ ಈ ಚೆಂಡಿನ ಮುಂದೆ ಕಿವಿ ಒಂದೇ ನಿಲ್ಲಬೇಕಾಯಿತು, ನಿಲ್ಲಲಾಗಲಿಲ್ಲ. ಜನರ ಮಾತು ಕೇಳಿಸದೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೂ ಉಂಟು. ಇವನ ಸ್ವಭಾವವೇ ಹಾಗೆ ಎಂದು ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಅವನಿಗೆ ಭಯವಾಯಿತು. ಸಾವ್ಕಾರ್ರ ಕಿವಿ ಮಂದವಾಗಿದೆ ಎಂದು ಮಂಡಿಯಲ್ಲಿ ಗೊತ್ತಾದರೆ ನಾಳೆಯಿಂದ ಅಂಗಡಿಯ ತೀರ್ಪಿಗೆ ಯಾರು ಬೆಲೆ ಕೊಡುತ್ತಾರೆ?

ಅನಿಲ್‌ಕುಮಾರ್ ಹಳದಿ ಚೆಂಡನ್ನೆತ್ತಿ ಅವನ ಕೈಗಿಟ್ಟ. "ಕೇಳಕ್ ಓಗ್ಬ್ಯಾಡ. ಅಂಗೈಗೆ ಗೊತ್ತಾಯ್ತದೆ, ಒಡಿ" ಎಂದು ಅವನ ಕಿವಿಯ ಹತ್ತಿರ ಬಂದು ಹೇಳಿದ.

ಗೊಮ್ಮಟೇಶ ಹೊಂಡದ ಮುಂದೆ ನಿಂತು, ಬೇಸರದಲ್ಲಿ, ಹೋದರೆ ಹೋಗಲಿ ಎಂದು ಬೀಸಿದ. ಯಾವ ಸದ್ದೂ ಬರಲಿಲ್ಲ. ಆದರೆ ಹಿಟ್ಟಿನ ಉಂಡೆಯನ್ನು ಹಿಚುಕಿ ಬಿಟ್ಟಂತೆ ಏನೋ ಒಂದು ಕೋಲಿನುದ್ದಕ್ಕೂ ಹರಿದು ಅಂಗೈಗೆ ಬಂತು. ಬೆರಳು ನೋಯಲಿಲ್ಲ. ಹಳದಿ ಚೆಂಡು ಹೊಂಡ ದಾಟಿ, ಆಚೆ ಹುಲ್ಲಿನ ಮೇಲೆ ಬಿದ್ದು, ಅಲ್ಲೇ ಸ್ವಲ್ಪ ಸರಿದು ನಿಂತಿತು. ಇಷ್ಟು ದಿನ ತನ್ನದಲ್ಲದ ಚೆಂಡಿನ ಜೊತೆ ಗುದ್ದಾಡಿದೆನಲ್ಲ ಎಂದು ಅವನಿಗೆ ಆ ಸಂಕಟದಲ್ಲೂ ಸಂತೋಷವಾಯಿತು. ಉಳಿದ ಆಟ ಆಡುವ ಮನಸ್ಸಿರಲಿಲ್ಲ. ಬೇಗ ಹೊರಟ.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಕಿವಿ ಇಷ್ಟು ಮಂದವಾಗಿದ್ದರೆ ಎಷ್ಟೋ ಹಸಿ ಉಂಡೆಗಳು ತನ್ನ ಕೈ ದಾಟಿ ಹೋಗಿರಬೇಕು. ಹಾಗಿದ್ದರೆ ಬೂಷ್ಟು ಬಂತು ಎಂದು ಇದುವರೆಗೂ ಯಾವ ಗಿರಾಕಿಯೂ ಫೋನು ಮಾಡಲಿಲ್ಲವೇಕೆ? ಮನೆಯಲ್ಲಿ ರಾಜೀಮತಿ ಇರಲಿಲ್ಲ. ಹಿಂದಿನ ಗೋಡೌನಿನ ಬಾಗಿಲು ತೆರೆದಿತ್ತು. ಒಳಗೆ ಅವಳು ಸೆರಗು ಸಿಕ್ಕಿಸಿ ಗೋಣಿತಟ್ಟಿನ ಮೇಲೆ ಕೂತಿದ್ದಳು. ಬಾಯಿ ಬಿಚ್ಚಿದ ಚೀಲಗಳು ಸುತ್ತ ಇದ್ದವು. ಎರಡು ಉಂಡೆ ಎತ್ತುವಳು, ಕಿವಿಯ ಹತ್ತಿರ ಕುಟ್ಟುವಳು, ಒಂದನ್ನು ಚೀಲಕ್ಕೂ ಇನ್ನೊಂದನ್ನು ಪಕ್ಕದ ಸಣ್ಣ ಗುಡ್ಡೆಗೂ ಹಾಕುವಳು. ಥೇಟ್ ಅವನ ಕೈವರಸೆಯೇ.

ಗೊಮ್ಮಟೇಶ ಬಾಗಿಲಲ್ಲೇ ನಿಂತ. ಭಾನುವಾರದ ಟೋಪಿಯ ಗುಟ್ಟು ಬಿಡಿಸಿ ಹೇಳುವವರು ಬೇಕಿರಲಿಲ್ಲ. ತಲೆಯೆತ್ತಿದ ರಾಜೀಮತಿಗೂ ಅವನ ಮುಖ ನೋಡಿಯೇ ತಿಳಿಯಿತು. ಎದ್ದು ಹತ್ತಿರ ಬಂದಳು.

"ಓದ್ ದೀಪಾವಳಿಯಿಂದ್ಲೇ ಗೊತ್ತು ಕಣ್ರೀ," ಎಂದಳು. "ಏಳುದ್ರೆ ನೀವು ಅಂಗಡಿಗ್ ಓಗೋದೇ ಬಿಟ್ಬುಡ್ತೀರಾ ಅಂತ ಭಯ ಆಯ್ತು."

ತೆಗೆದ ಹಸಿ ಉಂಡೆಗಳನ್ನು ಮತ್ತೆ ಅಟ್ಟದ ಮೇಲೆ ಒಣಗಲು ಹಾಕಿದ್ದಾಗಿ ಹೇಳಿದಳು. ಹಾಸನಕ್ಕೆ ಹೋಗಿ ಕಿವಿ ತೋರಿಸೋಣ, ಈಗ ಒಳ್ಳೊಳ್ಳೆ ಮಿಷನ್ ಬಂದಿವೆಯಂತೆ ಎಂದೂ ಸೇರಿಸಿದಳು. ಅವನಿಗೆ ನಾಚಿಕೆಯಾಯಿತು, ಅವಳ ಮೇಲೆ ಸಿಟ್ಟೂ ಬಂತು. ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಹೊತ್ತು ಇಳಿಯುತ್ತಿತ್ತು. ಇಬ್ಬರೂ ಕೈಕಾಲು ತೊಳೆದು ಊಟಕ್ಕೆ ಕೂತರು.

ಮಾರನೆಯ ಬೆಳಿಗ್ಗೆ ನುಗ್ಗೇಹಳ್ಳಿಯ ಗಂಗಾಧರಯ್ಯ ಲಗೇಜ್ ಆಟೋದಲ್ಲಿ ಕೊಬ್ಬರಿ ಚೀಲಗಳನ್ನು ತಂದಿಳಿಸಿದ. ಅಂಗಡಿಗೆ ಬಹಳ ಹಳೆಯ ರೈತ. ಮನೆಯ ಮದುವೆ ಮುಂಜಿಗೂ ಬಂದು ಹೋಗುವವನು. ಗೊಮ್ಮಟೇಶ ತನ್ನ ಗಾದಿಯಿಂದ ಎದ್ದು, ಒಳಗೆ ನಿಂತಿದ್ದ ರಾಜೀಮತಿಯನ್ನು ಕರೆದು ಅಲ್ಲಿ ಕೂರಿಸಿದ. ಅಕ್ಕಪಕ್ಕದ ಮಂಡಿಯವರೂ ಇತ್ತ ನೋಡಿದರು. ಗೊಮ್ಮಟೇಶ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನನ್ ಕಿವಿ ಮಂದಾಗದೆ ಗಂಗಾಧರಯ್ಯ. ಇನ್ಮ್ಯಾಲೆ ಇವ್ರೇ ನೋಡೋದು."

ರಾಜೀಮತಿ ಮೊದಲ ಚೀಲ ನೋಡಿದಳು, ಎರಡನೆಯದನ್ನೂ ನೋಡಿದಳು, ಎರಡೂ ಚೆನ್ನಾಗಿದ್ದವು. ಮೂರನೆಯ ಚೀಲದ ಬಾಯಿಗೆ ಅವಳು ಕೈ ಹಾಕುವಷ್ಟರಲ್ಲಿ ಗಂಗಾಧರಯ್ಯ ಬಗ್ಗಿ ಆ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ.

"ಇದ್ ಬ್ಯಾಡಿ ತಾಯಿ," ಎಂದ. "ಇದಿನ್ನೂ ಒಸಿ ಒಣಗ್ಬೇಕು."

ಆ ಮಾತು ಗೊಮ್ಮಟೇಶನಿಗೆ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಗಂಗಾಧರಯ್ಯ ತಲೆ ಎತ್ತದೆ ಚೀಲದ ಬಾಯಿ ಕಟ್ಟುತ್ತಿದ್ದ. ತನ್ನ ಕಿವಿ ಮಂದವಾದ ಸಂಗತಿ ತನಗೇ ಗೊತ್ತಾಗುವ ಮುಂಚೆ ನುಗ್ಗೇಹಳ್ಳಿಯವರೆಗೂ ಹೋಗಿ, ಅಲ್ಲಿಂದ ಹಸಿ ಉಂಡೆಯಾಗಿ ಚೀಲದಲ್ಲಿ ತುಂಬಿಕೊಂಡು ವಾಪಸ್ಸು ಬರುತ್ತಿತ್ತು. ಗೊಮ್ಮಟೇಶನಿಗೆ ಬಹಳ ನೋವಾಯಿತು. ಮನೆಯವನ ಹಾಗಿದ್ದವನೇ ಹೀಗೆ ಮಾಡಿದ ಎಂಬುದೇ ಹೆಚ್ಚು ನೋವು. ಎರಡು ಮಾತು ಕೇಳಿಯೇ ಬಿಡಬೇಕೆಂದು ಮೆಟ್ಟಿಲಿಳಿದ. ಮುದುಕ ಒಬ್ಬನೇ ಆ ಚೀಲ ಎತ್ತಲಾರದೆ ಏದುಸಿರು ಬಿಡುತ್ತಿದ್ದ.

ಗೊಮ್ಮಟೇಶ ಚೀಲದ ಇನ್ನೊಂದು ತುದಿಗೆ ಕೈ ಹಾಕಿದ. ಇಬ್ಬರೂ ಸೇರಿ ಅದನ್ನು ಆಟೋಗೆ ಎತ್ತಿ ಹಾಕಿದರು.

"ಒಣುಗ್ಸ್ಕಂಡು ತಗಂಬಾ," ಎಂದ ಗೊಮ್ಮಟೇಶ. "ನಮ್ಮನೆಯೋರು ನೋಡ್ತಾರೆ."