ಒಳ್ಳೆಯ ಗಮಲು

ಆ ದಿನ ಬೆಳಿಗ್ಗೆ ನಮ್ಮ ಅತ್ತೆಯವರ ಮೂಗುಬೊಟ್ಟಿನ ಮೇಲೆ ಹಬೆಯ ಹನಿಯೊಂದು ನಿಂತಿತ್ತು. ಹುರುಳಿ ಬೇಯುತ್ತಿದ್ದ ಮಡಕೆಯ ಮುಚ್ಚಳವನ್ನು ಎಡಗೈಯಲ್ಲಿ ಅರ್ಧ ಸರಿಸಿ, ಬಲ ಅಂಗೈಯಿಂದ ಹಬೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, "ಉಪ್ಪು ಒಸಿ ಕಮ್ಮಿ ಐತೆ" ಎಂದರು. ಗಡಿಗೆಗೆ ಕೈ ಹಾಕಿ ನಾಲ್ಕು ಹರಳು ಉಪ್ಪು ತೆಗೆದು ಬಿಟ್ಟರು. ಮತ್ತೊಮ್ಮೆ ಹಬೆ ಎಳೆದುಕೊಂಡರು. "ಈಗ ಸರಿಯಾತು." ಹನಿ ಜಾರಿ ತುಟಿಯ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡರು. ನಾಲಿಗೆಗೆ ತಾಗಗೊಡಲಿಲ್ಲ.

ಕಾರ್ತಿಕ ಮಾಸ. ಮಾವನವರು ಗದ್ದೆಯ ಕಡೆ ಹೋಗಿದ್ದರು. ನಾನು ಒರಳಿನಲ್ಲಿ ಖಾರ ರುಬ್ಬುತ್ತಿದ್ದೆ. ಆ ದಿನದಲ್ಲಿ ನೆನಪಿಡಬೇಕಾದದ್ದು ಇನ್ನೇನೂ ಇರಲಿಲ್ಲ. ಮರುದಿನ ಅತ್ತೆಯವರಿಗೆ ಚಳಿಜ್ವರ ಬಂತು.

ನಾನು ದಂಡಿಗನಹಳ್ಳಿ ಕಡೆಯವಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ಮದುವೆಯಾಗಿ ಹಳ್ಳಿಮೈಸೂರಿನ ಈ ಮನೆಗೆ ಬಂದಾಗ ಯುದ್ಧ ಶುರುವಾಗಿರಲಿಲ್ಲ. ಮನೆಯಲ್ಲಿ ಮಾವನವರು, ಅತ್ತೆಯವರು, ನಮ್ಮ ಯಜಮಾನರು, ಒಬ್ಬ ಮೈದುನ, ಒಬ್ಬಳು ನಾದಿನಿ. ಎಲ್ಲರೂ ಲಿಂಗ ಕಟ್ಟಿದವರು. ಅಡುಗೆಯನ್ನು ಲಿಂಗಕ್ಕೆ ತೋರಿಸುವ ಮೊದಲು ಯಾರ ನಾಲಿಗೆಗೂ ಮುಟ್ಟಿಸಬಾರದು. ನನ್ನ ತವರಿನಲ್ಲೂ ಇದೇ ಕಟ್ಟುಪಾಡು. ಆದರೆ ನಮ್ಮವ್ವ ಯಾರೂ ನೋಡದಾಗ ಸೌಟಿನ ತುದಿಯನ್ನು ಅಂಗೈಗೆ ತಾಗಿಸಿ ನೆಕ್ಕಿ ನೋಡುತ್ತಿದ್ದಳು. ಬಂದ ಹೊಸದರಲ್ಲಿ ನಾನೂ ಒಮ್ಮೆ ಅಂಗೈ ಚಾಚಿದೆ. ಅತ್ತೆಯವರು ಬೈಯಲಿಲ್ಲ. "ಮೂಗು ಯಾಕ್ ಕೊಟ್ಟವ್ನೆ ಸಿವ? ಬೊಟ್ಟು ಇಕ್ಕೊಳಕಾ?" ಎಂದು ಕೇಳಿದರು. ನಾದಿನಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು.

ಅವರ ಅಡುಗೆಯಲ್ಲಿ ವಿಶೇಷವಾದದ್ದು ಇರಲಿಲ್ಲ. ಬೆಳಿಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮಧ್ಯಾಹ್ನ ರಾಗಿ ಹಿಟ್ಟಿನ ಮುದ್ದೆ, ಮೇಲೆ ಸೊಪ್ಪಿನದೋ ಕಾಳಿನದೋ ಸಾರು. ಹಬ್ಬಕ್ಕೆ ಒಬ್ಬಟ್ಟು. ರೊಟ್ಟಿಯನ್ನು ಹೆಂಚಿನ ಮೇಲೆ ಅರ್ಧ ಬೇಯಿಸಿ, ಆಮೇಲೆ ಒಲೆಯ ಬಾಯಲ್ಲಿ ಕೆಂಡದೆದುರು ಒರಗಿಸಿ ನಿಲ್ಲಿಸುತ್ತಿದ್ದರು. ನಿಲ್ಲಿಸಿ ಈ ಕಡೆ ತಿರುಗಿ ಚಟ್ನಿಗೆ ಕೈ ಹಾಕುವರು. ನಾನು ರೊಟ್ಟಿಯನ್ನೇ ನೋಡುತ್ತಾ ಕೂತಿದ್ದರೂ ಹದ ತಿಳಿಯುತ್ತಿರಲಿಲ್ಲ. ಅವರು ಅತ್ತ ನೋಡದೆಯೇ ಕೈ ಹಿಂದಕ್ಕೆ ಚಾಚಿ ತಿರುವಿ ಹಾಕುತ್ತಿದ್ದರು. ತಿರುವಿದ ಮಗ್ಗುಲು ಎಲ್ಲೂ ಕಪ್ಪಾಗಿರುತ್ತಿರಲಿಲ್ಲ. ಯಾರಾದರೂ ಅಡುಗೆಯನ್ನು ಹೊಗಳಿದರೆ ಅವರಿಗೆ ಸಂಕೋಚ. "ಉಂಡೋರು ಮಾತಾಡ್ಲಿ, ಮಾಡ್ದೋರು ಮಾತಾಡ್ಬಾರ್ದು" ಎನ್ನುವರು. ಒಲೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾನು ರುಬ್ಬಬಹುದು, ಬೀಸಬಹುದು, ನೀರು ತರಬಹುದು. ಒಲೆಯ ಮುಂದಿನ ಮಣೆ ಅವರದು. ಆ ಮನೆಯಲ್ಲಿ ಅವರು ಮಾತೆತ್ತಿ ಕೇಳಿದ್ದು ಅದೊಂದನ್ನೇ ಎಂದು ಈಗ ಅನ್ನಿಸುತ್ತದೆ. ಹೊಲ ಗದ್ದೆಯ ವಿಷಯ, ಮದುವೆಯ ವಿಷಯ ಎಲ್ಲವೂ ಗಂಡಸರ ನಡುವೆ ತೀರ್ಮಾನವಾಗುತ್ತಿದ್ದವು.

ಜ್ವರ ಬಿಟ್ಟುಬಿಟ್ಟು ಬಂತು. ಹೊಳೆನರಸೀಪುರದಿಂದ ಮಾವನವರು ಕ್ವಿನೈನ್ ಮಾತ್ರೆ ತಂದರು. ಆ ಕಹಿಗೆ ಅತ್ತೆಯವರು ಮುಖ ಕಿವುಚುತ್ತಿದ್ದರು. ಅಷ್ಟು ದಿನ ಅಡುಗೆ ನನ್ನದು. ಗಂಡಸರು ಉಂಡು ಸುಮ್ಮನೆ ಎದ್ದು ಹೋಗುತ್ತಿದ್ದರು. ಮೈಯಲ್ಲಿ ಒಂದಿಷ್ಟು ಶಕ್ತಿ ಬಂದ ಕೂಡಲೇ ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು ಮಣೆಯ ಮೇಲೆ ಕೂತರು. "ಏಳವ್ವ, ನಿಂಗೆ ಕಣ್ಣುರಿ" ಎಂದು ನನ್ನನ್ನು ಎಬ್ಬಿಸಿದರು.

ಆ ದಿನದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಮೂವರು ಗಂಡಸರೂ ಉಂಡರು. ಜ್ವರದಿಂದ ಎದ್ದವರ ಮೊದಲ ಅಡುಗೆ ಎಂದು ಯಾರೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಉಪ್ಪು ಬಾಯಿಗೆ ಇಡಲಾಗದಷ್ಟು. ಮೈದುನ ಒಂದು ತುತ್ತು ನುಂಗಿ, "ಅತ್ಗೆಮ್ಮ, ಮಜ್ಜಿಗೇನ ಕೊಡದಲ್ಲೇ ತಂದ್ಬುಡಿ" ಎಂದ. ಮಾವನವರು ತಲೆ ಎತ್ತದೆ, "ಉಣ್ಲಾ ಸುಮ್ಗೆ" ಎಂದರು.

ಅತ್ತೆಯವರು ಎಂದಿನಂತೆ ಕಡೆಯಲ್ಲಿ ಉಂಡರು. ಲಿಂಗಕ್ಕೆ ತೋರಿಸಿ, ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದರು. ಉಪ್ಪು ಖಾರ ಅವರ ನಾಲಿಗೆಗೆ ತಿಳಿಯುತ್ತಿತ್ತು. ಆದರೆ ಅದು ತಿಳಿಯುವ ಹೊತ್ತಿಗೆ ಮನೆಯವರೆಲ್ಲ ಉಂಡು ಎದ್ದಾಗಿರುತ್ತಿತ್ತು. ಅವರು ಹಿಟ್ಟು ಮುರಿದು ಅದೇ ಸಾರಿನಲ್ಲಿ ಪೂರ್ತಿ ಉಂಡರು. ನನ್ನ ಕಡೆ ನೋಡಲಿಲ್ಲ. ಮಾರನೆಯ ದಿನ ಉಪ್ಪಿನ ಗಡಿಗೆಯೊಳಗೆ ಒಂದು ಸಣ್ಣ ಮರದ ಸೌಟು ಬಂದಿತ್ತು. ಅದುವರೆಗೆ ಅವರು ಉಪ್ಪನ್ನು ಅಳೆದು ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಅವರೆಕಾಯಿಯ ಕಾಲ ಬಂತು. ಇಬ್ಬನಿ ಬಿದ್ದ ಅವರೆಗೆ ಸೊಗಡು ಹೆಚ್ಚು. ಮೊದಲ ಕಾಯಿ ಮನೆಗೆ ಬಂದ ದಿನ ಅಂಗಳದಿಂದ ಅಡುಗೆಮನೆಯವರೆಗೂ ಅದೇ ಕಂಪು. ಕೈಯ ಜಿಡ್ಡು ತೊಳೆದರೂ ಹೋಗದು. ಅತ್ತೆಯವರು ಒಂದು ಕಾಯಿ ಮುರಿದು ಮೂಗಿಗೆ ಹಿಡಿದರು. ಮತ್ತೊಂದು ಮುರಿದರು. ಅದನ್ನು ಉಗುರಿನಿಂದ ಗೀರಿ ಹಿಡಿದರು. ಆಮೇಲೆ ಎಲ್ಲವನ್ನೂ ಮೊರಕ್ಕೆ ಹಾಕಿ ನಮ್ಮ ಜೊತೆ ಸುಲಿಯಲು ಕೂತರು. ನಾದಿನಿ, "ಈ ಸಲ ಸೊಗಡು ಸಂದಾಕೈತೆ ಅಲ್ವೇನವ್ವ?" ಎಂದಳು. "ಊಂ ಕಣ್ ಮಗ, ಸಂದಾಕೈತೆ" ಎಂದರು. ನನಗೆ ಗೊತ್ತಾಯಿತು. ಗೊತ್ತಾಗಿದೆ ಎಂದು ನಾನು ತೋರಿಸಿಕೊಳ್ಳಲಿಲ್ಲ. ಹಾಗೆ ತೋರಿಸಿಕೊಂಡರೆ ಮಣೆ ನನ್ನದಾಗುತ್ತಿತ್ತು. ಅವರಿಗೆ ಕೂರಲು ಬೇರೆ ಜಾಗವಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ನಾದಿನಿಯನ್ನು ನೋಡಲು ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಬಂದರು. ಹುಡುಗನ ತಂದೆ, ಸೋದರಮಾವ, ಜೊತೆಗೆ ಅವನ ದೊಡ್ಡಮ್ಮ. ಆ ದೊಡ್ಡಮ್ಮನ ಮಾತೇ ಅವರ ಮನೆಯಲ್ಲಿ ನಡೆಯುವುದು ಎಂದು ಮೊದಲೇ ಕೇಳಿದ್ದೆವು. ತಾಯಿಯ ಅಡುಗೆ ಉಂಡು ಮಗಳ ಕೈ ಹೇಗೆಂದು ಹೇಳಿಬಿಡುವ ಹೆಂಗಸು. ಅದು ಯುದ್ಧದ ಕಾಲ. ಬೇಳೆ, ಬೆಲ್ಲ ಸುಲಭವಾಗಿ ಸಿಗುತ್ತಿರಲಿಲ್ಲ. ಮಾವನವರು ಎಲ್ಲೆಲ್ಲೋ ಕೇಳಿ ಒಂದು ಒಬ್ಬಟ್ಟಿನ ಅಡುಗೆಗೆ ಆಗುವಷ್ಟು ಹೊಂದಿಸಿದ್ದರು. ಕೆಟ್ಟರೆ ಮತ್ತೊಮ್ಮೆ ಮಾಡಲು ಮನೆಯಲ್ಲಿ ಏನೂ ಇರಲಿಲ್ಲ.

ದೊಡ್ಡಮ್ಮ ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿರವೇ ಕೂತರು. ಅತ್ತೆಯವರು ಬೆಂದ ಬೇಳೆಗೆ ಬೆಲ್ಲ ಹಾಕಿ ಹೂರಣ ಕುದಿಯಲು ಇಟ್ಟಿದ್ದರು. ನಾನು ಬಾವಿಯಿಂದ ಕೊಡ ತುಂಬಿಕೊಂಡು ಹಿತ್ತಿಲ ಬಾಗಿಲಲ್ಲಿ ಕಾಲಿಟ್ಟೆ. ಬೆಲ್ಲ ತಳ ಹಿಡಿಯುವ ವಾಸನೆ ಆಗಲೇ ಶುರುವಾಗಿತ್ತು. ಅತ್ತೆಯವರು ಪಾತ್ರೆಯ ಮೇಲೆ ಬಾಗಿ, ಅಂಗೈಯಿಂದ ಹಬೆ ಎಳೆದುಕೊಳ್ಳುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ಕೊಡ ಇಳಿಸಿ ಹತ್ತಿರ ಹೋಗಿ ಮೆಲ್ಲಗೆ, "ಅತ್ತೆಮ್ಮ, ತಳ ಹಿಡೀತೈತೆ" ಎಂದೆ.

"ಎಲ್ಲಿ?" ಎಂದರು. ಅಷ್ಟು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅದು ಅವರಿಗೂ ತಿಳಿಯಿತು. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೈಗಳು ತಾವಾಗಿ ಕೆಲಸಕ್ಕೆ ಹೋದವು. ಪಾತ್ರೆ ಇಳಿಸಿದರು. ತಳ ಕೆರೆಯದೆ ಮೇಲಿನ ಹೂರಣವನ್ನಷ್ಟೇ ಬೇರೆ ಪಾತ್ರೆಗೆ ತೋಡಿದರು. ಎರಡು ವೀಳ್ಯದೆಲೆ ಹಾಕಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಏಲಕ್ಕಿ ಕುಟ್ಟಿ ಉದುರಿಸಿದರು. ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ತಂದು, ಪಿಸುದನಿಯಲ್ಲಿ, "ಮೂಸ್ ನೋಡವ್ವ. ಸೀದ್ ವಾಸ್ನೆ ಬತ್ತೈತಾ?" ಎಂದು ಕೇಳಿದರು.

ಸೀದ ವಾಸನೆ ಪೂರ್ತಿ ಹೋಗಿತ್ತು. ಬೆಲ್ಲ, ಏಲಕ್ಕಿ, ವೀಳ್ಯದೆಲೆ ಸೇರಿ ಹಿತವಾಗಿತ್ತು. ನಾನು ಸಂತೋಷದಿಂದ, "ಗಮಲು ಬತ್ತೈತೆ ಅತ್ತೆಮ್ಮ" ಎಂದೆ.

ಅವರ ಮುಖ ಬಾಡಿತು. ಪಾತ್ರೆ ಎತ್ತಿಕೊಂಡು ಹಿತ್ತಿಲ ಕಡೆ ನಡೆದರು. ಅಲ್ಲಿ ಎಮ್ಮೆಯ ಕಲಗಚ್ಚಿನ ಬಾನಿ ಇತ್ತು. ಪಾತ್ರೆ ಬಗ್ಗಿಸಿದ್ದರು, ಹೂರಣ ಅಂಚಿಗೆ ಬಂದಿತ್ತು. ನಾನು ಓಡಿಹೋಗಿ ಕೈ ಹಿಡಿದುಕೊಂಡೆ.

"ಯಾಕತ್ತೆಮ್ಮ!"

"ಗಮ್ಲು ಬತ್ತೈತೆ ಅಂದ್ಯಲ್ಲವ್ವ. ಬೀಗ್ರಾಗೋರ್ ಎಲೆಗೆ ಗಮ್ಲು ಬಡುಸ್ಲಾ?"

"ಒಳ್ಳೇ ಗಮಲು ಅತ್ತೆಮ್ಮ! ಗಮಗಮ ಅಂತೈತೆ!"

"ಒಳ್ಳೇ ಗಮ್ಲು ಅಂತ ಇರ್ತೈತಾ? ನಮ್ ಕಡೆ ಇಲಿ ಸತ್ರೆ ಗಮ್ಲು ಅಂತೀವಿ."

"ನಮ್ಮ ಕಡೆ ಮಲ್ಲಿಗೆ ಹೂವಿಗೂ ಗಮಲು ಅಂತೀವಿ."

ಅತ್ತೆಯವರು ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡರು. "ನಿಮ್ಮೂರೋರ್ ಮೂಗಿಗಿಂತ ನನ್ ಮೂಗೇ ವಾಸಿ ಕಣೆ" ಎಂದರು. ಹೇಳಿದ ಮೇಲೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಇಬ್ಬರೂ ಬಾನಿಯ ಪಕ್ಕ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಳಗಿನಿಂದ ಆ ದೊಡ್ಡಮ್ಮ, "ಏನವ್ವಾ, ಅತ್ತೆ ಸೊಸೆ ನಿಮ್ಮಷ್ಟಕ್ ನೀವೇ ನಗ್ತಿದೀರ? ನಮ್ಗೂ ಒಸಿ ಬಡ್ಸಿ" ಎಂದು ಕೂಗಿದರು.

ಊಟಕ್ಕೆ ಕೂತಾಗ ಅವರು ಒಬ್ಬಟ್ಟು ಮುರಿದು, "ಊರ್ಣ ಒಸಿ ಕರ್ರಗೈತೆ" ಎಂದರು. ಮಾವನವರು, "ಈ ಸಲದ್ ಬೆಲ್ಲವೇ ಅಂಗೆ" ಎಂದರು. ದೊಡ್ಡಮ್ಮ ಇನ್ನೊಂದು ಹಾಕಿಸಿಕೊಂಡರು. ನಾದಿನಿಯನ್ನು ಆ ಮನೆಗೇ ಕೊಟ್ಟೆವು. ಸುಖವಾಗಿದ್ದಾಳೆ.

ಅಂದು ಸಂಜೆ ನಾನು ಪಾತ್ರೆಯ ತಳ ಉಜ್ಜುತ್ತಿದ್ದಾಗ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. ಜ್ವರದ ಜೊತೆಯಲ್ಲೇ ವಾಸನೆ ಹೋಯಿತೆಂದು ಹೇಳಿದರು. ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದು ಕಾದರಂತೆ. "ಇನ್ ನೀನೇ ಕೂತ್ಕಳವ್ವ ಒಲೆ ಮುಂದೆ" ಎಂದರು. ನಾನು ಆಗುವುದಿಲ್ಲ ಎಂದೆ. ನನಗೆ ಹದ ಗೊತ್ತಿರಲಿಲ್ಲ, ಅದು ನಿಜವೇ. ಅವರಿಗೆ ಹದ ಗೊತ್ತಿತ್ತು, ವಾಸನೆ ಇರಲಿಲ್ಲ. ಬೇಕಾದರೆ ಯಾರೂ ನೋಡದಾಗ ಅವರು, ಲಿಂಗಕ್ಕೆ ತೋರಿಸುವ ಮೊದಲು ಸೌಟು ನೆಕ್ಕಿ ಉಪ್ಪು ನೋಡಬಹುದಿತ್ತು. ಅದನ್ನು ನಾನು ಹೇಳಲಿಲ್ಲ, ಅವರು ಯೋಚಿಸಲೂ ಇಲ್ಲ.

ಮರುದಿನದಿಂದ ನಾನು ಒರಳನ್ನು ಒಲೆಯ ಹತ್ತಿರಕ್ಕೆ ಸರಿಸಿಕೊಂಡೆ. ಅಡುಗೆಮನೆಯಲ್ಲಿ ಮಾತು ಹೆಚ್ಚಾಯಿತು. ಮೊದಮೊದಲು ನಾನು "ವಾಸನೆ ಬತ್ತೈತೆ" ಎಂದಷ್ಟೇ ಹೇಳುತ್ತಿದ್ದೆ. "ವಾಸ್ನೆ ಬತ್ತೈತೆ ಅಂದ್ರೆ ನಾನ್ ಏನ್ ಮಾಡ್ಲಿ? ಎಂಗ್ ಬತ್ತೈತೆ? ಬಾಯ್ಬಿಟ್ಟು ಯೇಳು" ಎನ್ನುತ್ತಿದ್ದರು. ನಾನು ಮಾತು ಹುಡುಕಬೇಕಾಯಿತು. ಕೊತ್ತಂಬರಿ ಇನ್ನೂ ಹಸಿ. ಹುಳಿಯ ಕನರು ಹೋಗಿದೆ. ಹುರುಳಿಯ ಕಟ್ಟು ಈಗ ಒದ್ದೆ ಗೋಣಿಯ ಹಾಗಿದೆ. ರೊಟ್ಟಿ ಮಳೆ ಬಿದ್ದ ಮಣ್ಣಿನ ಹಾಗಿದೆ ಎಂದರೆ, "ಇನ್ನೂ ಬುಡು" ಎನ್ನುವರು. ಹುರಿದ ಕಡಲೆಯ ಹಾಗೆ ಬಂತು ಎಂದರೆ ಕೈ ಹಿಂದಕ್ಕೆ ಹೋಗಿ ರೊಟ್ಟಿ ತಿರುಗುತ್ತಿತ್ತು. ಉಪ್ಪಿಗೆ ಮಾತು ಸಿಗಲು ಬಹಳ ಕಾಲ ಹಿಡಿಯಿತು. ಉಪ್ಪು ಬೀಳದ ಸಾರಿನ ಹಬೆ ಚಪ್ಪಟೆಯಾಗಿರುತ್ತದೆ, ಬಿದ್ದ ಮೇಲೆ ಏಳುತ್ತದೆ ಎಂದು ಒಂದು ದಿನ ಹೇಳಿದೆ. "ಅದೇ ಕಣವ್ವ, ಅದೇ" ಎಂದು ಅವರು ಸೌಟು ಕೆಳಗಿಟ್ಟರು. ಗಮಲು ಎಂಬ ಮಾತನ್ನು ಮಾತ್ರ ಆ ಒಲೆಯ ಮುಂದೆ ನಾನು ಮತ್ತೆ ಆಡಲಿಲ್ಲ.

ಸಾರು ಮೊದಲಿನಂತಾಯಿತು. ಗಂಡಸರು ಯಾರೂ ಏನೂ ಕೇಳಲಿಲ್ಲ. ಒಂದು ದಿನ ಮಾವನವರು ಕೈ ತೊಳೆಯುತ್ತಾ, "ನಿಮ್ಮತ್ತೆಗೆ ನೀನ್ ಜೊತೇಗಿರವ್ವ" ಎಂದರು. ಎಲ್ಲವೂ ತಿಳಿದಿತ್ತೋ ಇಲ್ಲವೋ ಅವರ ಮುಖ ನೋಡಿ ಹೇಳಲಾಗಲಿಲ್ಲ. ನಮ್ಮ ಯಜಮಾನರಿಗೆ ನಾನು ಇಂದಿಗೂ ಹೇಳಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಅದಾದ ಮುಂದಿನ ಮಳೆಗಾಲದಲ್ಲಿ ಅತ್ತೆಯವರು ತೀರಿಕೊಂಡರು. ಹಿಂದಿನ ದಿನದವರೆಗೂ ಅಡುಗೆ ಅವರದೇ ಎಂದು ಊರಿನವರು ಹೇಳಿದರು. ಅದು ಸುಳ್ಳಲ್ಲ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದಾಗ ಅವರ ಬಲ ಅಂಗೈಯಲ್ಲಿ ಹಬೆ, ಕೆಂಡ ತಾಗಿ ಆದ ಸುಟ್ಟ ಕಲೆಗಳು ಎಲ್ಲರಿಗೂ ಕಾಣುತ್ತಿದ್ದವು.

ಈಗ ಮಣೆಯ ಮೇಲೆ ನಾನು ಕೂರುತ್ತೇನೆ. ಊಟಕ್ಕೆ ಬಂದವರು, ಅರಕಲಗೂಡಿನಿಂದ ನಾದಿನಿ ಬಂದಾಗ ಅವಳೂ, ಅವ್ವನ ಕೈಯೇ ಎನ್ನುತ್ತಾರೆ. ನಾನು ಇಲ್ಲ ಎನ್ನುವುದಿಲ್ಲ. ಹದ ನನಗೆ ತಿಳಿಯುತ್ತದೆ. ಮಡಕೆಯ ಮುಚ್ಚಳ ಸರಿಸಿದಾಗ ಹಬೆ ಏಳುತ್ತದೆ, ಮಾತು ಬಾಯಿಯವರೆಗೆ ಬರುತ್ತದೆ. ಎಂಗೈತೆ, ಯೇಳು ಎಂದು ಕೇಳುವವರು ಈ ಮನೆಯಲ್ಲಿ ಇಲ್ಲ.