ರೇಣುಕಾ ಆಟ ಬಿಟ್ಟ ಭಾನುವಾರ

ಡೊಂಬಿವಲಿಯ ನಮ್ಮ ಮನೆಗೆ ಇಂಟರ್ನೆಟ್ ಬಂದ ಹೊಸತು ಅದು. ಅಪ್ಪನ ಅಪ್ಪಣೆಯಿಲ್ಲದೆ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಏಳನೇ ತರಗತಿಯಲ್ಲಿದ್ದ ನಾನು ವಾರವಿಡೀ ಭಾನುವಾರಕ್ಕೆ ಕಾಯುತ್ತಿದ್ದೆ. ಊಟವಾಗಿ ಅಪ್ಪ ಹೋಟೆಲಿನ ಗಲ್ಲಾಕ್ಕೆ ಮರಳಿದ ಮೇಲೆ ಎರಡು ಗಂಟೆ ಕಂಪ್ಯೂಟರ್ ನನ್ನದು. ಕೈ ಎಷ್ಟು ತೊಳೆದರೂ ಕೀಬೋರ್ಡಿಗೆ ಬಂಗುಡೆ ಮೀನಿನ ಗಸಿಯ ವಾಸನೆ ಹತ್ತುತ್ತಿತ್ತು.

ಆಚೆ ತುದಿಯಲ್ಲಿ, ವಿಜಾಪುರದಲ್ಲಿ, ರೇಣುಕಾ ಇರುತ್ತಿದ್ದಳು. ಮೊದಲು ಅವಳ ಮನೆಯವರು ಡೊಂಬಿವಲಿಯಲ್ಲೇ ಇದ್ದವರು. ಅವಳ ತಾಯಿ ನೀಲವ್ವ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅವಳಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ. ತಾಯಿಯ ಜೊತೆ ಬರುತ್ತಿದ್ದ ರೇಣುಕಾ ಮತ್ತು ನಾನು ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮಿನಲ್ಲಿ ಟ್ಯಾಂಕ್ ಆಡುತ್ತಾ ಬೆಳೆದೆವು. ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು. ವೈರಿಗಳಿಂದ ಅದನ್ನು ಇಬ್ಬರೂ ಸೇರಿ ಕಾಯಬೇಕು.

ಮೂಟೆ ಹೊತ್ತು ಅವಳಪ್ಪನ ಬೆನ್ನು ಕೆಟ್ಟಾಗ ಸಂಸಾರ ಊರಿಗೆ ಮರಳಿತು. ಅಲ್ಲಿ ಸೋದರಮಾವನ ಟೈಪಿಂಗ್ ಸೆಂಟರಿನಲ್ಲಿ ಕೂತು, ಅದೇ ಹಳೆಯ ಆಟವನ್ನು ಎರಡು ಊರುಗಳಿಂದ ಆಡುವ ದಾರಿ ಹುಡುಕಿದವಳೂ ಅವಳೇ. ಏನನ್ನು ಇಳಿಸಿಕೊಳ್ಳಬೇಕು, ಎಲ್ಲಿ ಒತ್ತಬೇಕು ಎಂದು ಮೂರು ವಾರ ಫೋನಿನಲ್ಲಿ ತಾಳ್ಮೆಯಿಂದ ಹೇಳಿಕೊಟ್ಟಳು. ಲೈನ್ ಕಡಿಯುತ್ತಿತ್ತು, ಟ್ಯಾಂಕು ನಿಂತಲ್ಲೇ ನಿಲ್ಲುತ್ತಿತ್ತು. ಆದರೂ ಹೆಡ್‌ಫೋನಿನಲ್ಲಿ ಅವಳ ದನಿ: "ಏ ವಿದ್ಯಾ, ನೀ ಮುಂದ ಹೋಗು. ಹಿಂದ ನಾ ಅದೀನಿ."

ಒಂದು ಭಾನುವಾರ ಪ್ರಾಜೆಕ್ಟ್ ಮಾಡಲು ಶಾಲೆಯ ಮೂವರು ಹುಡುಗಿಯರು ಬಂದರು. ದೂರದ ಊರಿನವರ ಜೊತೆ ಆಡುತ್ತೇನೆಂದು ಮೆರೆಯುವ ಆಸೆಯಿಂದ ಸ್ಪೀಕರ್ ಹಾಕಿದೆ. ರೇಣುಕಾಳ ಮಾತು ಕೇಳಿದ್ದೇ ಮೂವರೂ ನಕ್ಕರು. ಈ ಹಳ್ಳಿಯವಳು ನಿನ್ನ ಫ್ರೆಂಡಾ ಎಂದು ಒಬ್ಬಳು ಹಿಂದಿಯಲ್ಲಿ ಕೇಳಿದಳು. ನನ್ನ ಕಿವಿ ಬಿಸಿಯಾಯಿತು.

"ಫ್ರೆಂಡ್ ನಹೀಂ ಹೈ ರೇ," ಎಂದೆ. "ಹಮಾರಿ ಬಾಯಿ ಕೀ ಲಡ್ಕಿ ಹೈ."

ಗೆಳತಿಯಲ್ಲ, ಕೆಲಸದವಳ ಮಗಳು. ಮೈಕ್ ತೆರೆದೇ ಇತ್ತು. ಅವಳಿಗೂ ಹಿಂದಿ ಕಲಿಸಿದ್ದು ಡೊಂಬಿವಲಿಯೇ.

ಅವಳು ನಡುವೆ ಬಿಟ್ಟು ಹೋಗಲಿಲ್ಲ. ಕೊನೆಯ ವೈರಿ ಸಾಯುವವರೆಗೂ ಅವಳ ಟ್ಯಾಂಕು ಹದ್ದಿನ ಪಕ್ಕ ಕಾವಲು ನಿಂತಿತ್ತು. ಆಮೇಲೆ ಮೆಲ್ಲಗೆ ಹೇಳಿದಳು: "ಆಟ ಮುಗೀತ್ರಿ. ನಾ ಹೋಗ್ತೀನ್ರಿ."

ಹುಟ್ಟಿದಾರಭ್ಯ ನನಗೆ 'ರಿ' ಹಚ್ಚಿ ಮಾತಾಡಿದವಳಲ್ಲ ಅವಳು.

ಮುಂದಿನ ಭಾನುವಾರ ಕಾದೆ, ಬರಲಿಲ್ಲ. ಅದರ ಮುಂದಿನ ವಾರ ಟೈಪಿಂಗ್ ಸೆಂಟರಿಗೆ ಫೋನ್ ಮಾಡಿದಾಗ, ಅವಳು ಈಗ ಈ ಕಡೆ ಬರುವುದಿಲ್ಲ ಎಂದರು ಮಾವ. ತಪ್ಪಾಯಿತೆಂದು ಅವರ ಕೈಯಲ್ಲಾದರೂ ಹೇಳಿ ಕಳಿಸಬಹುದಿತ್ತು. ಹೇಳಲಿಲ್ಲ. ಆಟ ಯಾಕೆ ನಿಂತಿತೆಂದು ಅಮ್ಮ ಕೇಳಿದಾಗ ಲೈನ್ ಸರಿಯಿಲ್ಲ ಎಂದೆ.

ಓದು ಮುಗಿಸಿ ನಾನು ಮಹಾಪೆಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷ, ನೆಂಟರ ಮದುವೆಗೆಂದು ಕಲ್ಯಾಣಕ್ಕೆ ಬಂದಿದ್ದ ನೀಲವ್ವ ನಮ್ಮನ್ನೂ ನೋಡಲು ಬಂದರು. ರೇಣುಕಾ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದಾಳಂತೆ. ಅವಳ ನಂಬರ್ ಕೇಳಿದೆ. ನೀಲವ್ವ ಚಹಾದ ಲೋಟ ಕೆಳಗಿಟ್ಟರು.

"ತಂಗಿ, ನೀ ಕೇಳಿದ್ರ ಕೊಡಬ್ಯಾಡ ಅಂದಾಳ ಅಕಿ. ಯಾಕಂತ ನನಗ ಹೇಳಿಲ್ಲ."

ಅಮ್ಮ ನನ್ನ ಮುಖ ನೋಡಿದರು. ನನಗೂ ಗೊತ್ತಿಲ್ಲ ಎಂದೆ.

ಅಂದು ನಕ್ಕ ಮೂವರಲ್ಲಿ ಒಬ್ಬಳ ಹೆಸರೇ ಈಗ ನೆನಪಿಲ್ಲ. ಉಳಿದಿಬ್ಬರು ಲೋಕಲ್ ರೈಲಿನಲ್ಲಿ ಎದುರು ಕೂತರೂ ಗುರುತು ಸಿಗಲಾರದು. ಅವರೆದುರು ಒಂದು ಗಳಿಗೆ ಮಾನ ಉಳಿಸಿಕೊಳ್ಳಲು ನಾನು ಬಿಟ್ಟುಕೊಟ್ಟದ್ದು ರೇಣುಕಾಳನ್ನು.